ಎರಿ ಮಣ್ಣಿನ ಮ್ಯಾಲಿನ ಕಾರ್ ಪಾರ್ಕಿಂಗ್ ಕಾಂಕ್ರೀಟ್: ಪೂರಾ ಕೀಳೋದಾ, ಮ್ಯಾಲೆ ಹಾಕೋದಾ?

ಜೇವರ್ಗಿ_ರೋಡ್
ಕಲಬುರಗಿ. ಕಾರ್ ನಿಲ್ಲಿಸೋ ಜಾಗ 12 ಅಡಿ ಅಗಲ, 18 ಅಡಿ ಉದ್ದ. ಮೂರು ಕಡೆ ಗೋಡೆ, ಮ್ಯಾಲೆ ಸ್ಲ್ಯಾಬ್, ಮುಂದ ಸ್ಲೈಡಿಂಗ್ ಗೇಟ್. ಕೆಳಗ ಎರಿ ಮಣ್ಣು (ನೀರಿಗೆ ಉಬ್ಬಿ, ಒಣಗಿದ್ರ ಸೀಳೋ ಕಪ್ಪು ಮಣ್ಣು). ಹಳೇ ಕಾಂಕ್ರೀಟ್ ಸುಮಾರು 3 ಇಂಚು. ನಟ್ಟನಡುವ ಉದ್ದಕ ಬಿರುಕು ಬಿಟ್ಟದ, ರೂಪಾಯಿ ನಾಣ್ಯ ಒಳಗ ಹೋಗ್ತದ. ಬಿರುಕಿನ ಒಂದು ಬಾಜು ಇನ್ನೊಂದಕ್ಕಿಂತ ಅರ್ಧ ಇಂಚು ಎತ್ತರ. ಗೇಟ್ ಕಡೆ ಎಡಗಡೆ ಮೂಲಿ ಕುಂತದ. ಅಲ್ಲಲ್ಲಿ ಮ್ಯಾಲಿನ ಪದರು ಪುಡಿ ಆಗಿ ಕಸಬರಿಗಿಗೆ ಬರ್ತದ. ಒಬ್ಬ ಗೌಂಡಿ ಹಳೇದರ ಮ್ಯಾಲೇ 2 ಇಂಚು ಹಾಕಿ ನೈಸ್ ಮಾಡ್ತೀನಿ ಅಂತಾನ, ಇನ್ನೊಬ್ಬ ಕಿತ್ತೇ ಹಾಕಬೇಕು ಅಂತಾನ. ಯಾರ ಮಾತು ಖರೆ? ಕೀಳೋದಾದ್ರ ಸಾಮಾನು ಎಷ್ಟು ಬೇಕು?

ಹಳೇ_ಸೈಟ್_ಇಂಜಿನಿಯರ್
ಎರಡನೇ ಗೌಂಡಿಯ ಮಾತು ಸರಿ. ಬಿರುಕು ಎಷ್ಟು ಅಗಲ ಅನ್ನೋದಕ್ಕಿಂತ ಅದರ ಎರಡೂ ಬಾಜು ಒಂದೇ ಮಟ್ಟದಲ್ಲಿವೆಯಾ ಅನ್ನೋದು ಮುಖ್ಯ. ಮಟ್ಟ ಒಂದೇ ಇದ್ದರೆ ಅದು ಕಾಂಕ್ರೀಟ್ ಒಣಗುವಾಗ ಕುಗ್ಗಿ ಬಂದ ಬಿರುಕು, ತುಂಬಿದರೆ ಸಾಕು. ನಿಮ್ಮಲ್ಲಿ ಅರ್ಧ ಇಂಚು ಏರುಪೇರಿದೆ, ಅಂದರೆ ಕೆಳಗಿನ ನೆಲ ಓಡಾಡ್ತಿದೆ. ಮೇಲೆ 2 ಇಂಚು ಹಾಕಿದರೆ ಒಂದೇ ಮಳೆಗಾಲದಲ್ಲಿ ಅದೇ ಗೆರೆಯಲ್ಲಿ ಹೊಸದೂ ಒಡೆಯುತ್ತದೆ. ಜೊತೆಗೆ ಹಳೇ ಮೈ ಪುಡಿಯಾಗಿರೋದರಿಂದ ಹೊಸ ಪದರಿಗೆ ಹಿಡಿತ ಸಿಗುವುದಿಲ್ಲ, ಹಪ್ಪಳದಂತೆ ಎದ್ದು ಬರುತ್ತದೆ.

ಸುತ್ತಿಗೆಯಿಂದ ಅಡಿಗೊಂದು ಕಡೆ ಬಡಿದು ನೋಡಿ. ಡಬ್ ಡಬ್ ಅಂತ ಪೊಳ್ಳು ಸದ್ದು ಬಂದ ಕಡೆ ಸೀಮೆಸುಣ್ಣದ ಗುರುತು ಹಾಕಿ. ಆಮೇಲೆ 8 ಅಡಿಯ ಅಲ್ಯೂಮಿನಿಯಂ ಪಟ್ಟಿಯನ್ನು ಅಡ್ಡಲಾಗಿ ಇಟ್ಟು ನೋಡಿ. ನಡುವೆ ಎದ್ದು ಗೋಡೆಯ ಕಡೆ ಇಳಿದಿದ್ದರೆ ಮಣ್ಣು ಉಬ್ಬಿದೆ. ಒಂದು ಮೂಲೆ ಮಾತ್ರ ಇಳಿದಿದ್ದರೆ ಅಲ್ಲಿ ನೀರು ಮಣ್ಣನ್ನು ಕೊಚ್ಚಿದೆ, ಇಲ್ಲವೇ ಹಳೇ ಗುಂಡಿ ತುಂಬಿದ ಸಡಿಲು ಮಣ್ಣಿದೆ.

ಈಗ ಮೂರು ಪ್ರಶ್ನೆ. ನೀರಿನ ಸಂಪ್ ಎಲ್ಲಿದೆ? ಡ್ರೇನೇಜ್ ಪೈಪು ಇದರ ಕೆಳಗೆ ಹೋಗುತ್ತದೆಯಾ? ಮಾಳಿಗೆ ನೀರಿನ ಪೈಪು ಎಲ್ಲಿ ಬೀಳುತ್ತದೆ?

ತಾಪಿ_ಗುರಮಾಲಾ
2 ಇಂಚು ಮ್ಯಾಲೆ ಹಾಕಿದ್ರ ಗೇಟಿನ ಪಟ್ರಿ ಮುಳುಗ್ತದ, ಅದನ್ನ ಯಾರೂ ಮೊದಲು ಹೇಳಂಗಿಲ್ಲ. ಗೇಟ್ ಎತ್ತಿ ವೆಲ್ಡಿಂಗ್ ಮಾಡಿಸೋ ಖರ್ಚು ಬ್ಯಾರೆ.

ಜೇವರ್ಗಿ_ರೋಡ್
ಬಡಿದು ನೋಡಿದೆ. ಬಿರುಕಿನ ಎರಡೂ ಬಾಜು ಎರಡೆರಡು ಅಡಿ ಪೊಳ್ಳು ಅದ. ಪಟ್ಟಿ ಇಟ್ಟರ ನಡುವ ಮುಕ್ಕಾಲು ಇಂಚು ಎದ್ದದ. ಸಂಪು ಬಲಗಡೆ ಮುಂದಿನ ಮೂಲ್ಯಾಗ, ಪಾರ್ಕಿಂಗ್ ಒಳಗೇ ಅದ. ಅಡಗಿ ಮನಿ ಪೈಪು ಎಡಗಡೆ ಗೋಡಿ ಬಾಜು ರೋಡಿಗೆ ಹೋಗ್ತದ. ಮಾಳಿಗಿ ನೀರೂ ಅಲ್ಲೇ, ಎಡಗಡೆ ಮೂಲ್ಯಾಗೇ ಬೀಳ್ತದ.

ಹಳೇ_ಸೈಟ್_ಇಂಜಿನಿಯರ್
ಹಾಗಾದರೆ ಕುಸಿದ ಮೂಲೆಗೆ ಕಾರಣ ಬಹುಪಾಲು ಸಿಕ್ಕಿತು. ನೀರು ಬೀಳೋದೂ ಅಲ್ಲೇ, ಪೈಪು ಹೋಗೋದೂ ಅಲ್ಲೇ. ಒಂದು ಚಮಚ ಸಿಮೆಂಟ್ ತರೋ ಮೊದಲು ಇವನ್ನು ಪರೀಕ್ಷೆ ಮಾಡಿ.

ಡ್ರೇನೇಜ್: ರೋಡಿನ ಕಡೆಯ ಚೇಂಬರಿನಲ್ಲಿ ಪೈಪಿನ ಬಾಯಿಗೆ ಬಟ್ಟೆ ಸುತ್ತಿದ ಬಿರಡೆ ಬಿಗಿಯಾಗಿ ಹೊಡೆದು, ಮನೆ ಕಡೆಯ ಚೇಂಬರಿನಿಂದ ನೀರು ತುಂಬಿ ಗುರುತು ಹಾಕಿ. ಒಂದು ತಾಸು ಮನೆಯಲ್ಲಿ ನಲ್ಲಿ ಬಿಡಬೇಡಿ. ಮಟ್ಟ ಇಳಿದರೆ ಜಾಯಿಂಟ್ ಬಿಟ್ಟಿದೆ, ಇಲ್ಲವೇ ಚೇಂಬರೇ ಸೋರುತ್ತಿದೆ. ಹಳೇ ಮಣ್ಣಿನ ಪೈಪು ಇದ್ದರೆ ಪರೀಕ್ಷೆಯೂ ಬೇಡ, ಹೇಗೂ ಅಗೆಯುತ್ತೀರಿ, 110 ಮಿ.ಮೀ. ಪಿವಿಸಿ ಹಾಕಿಬಿಡಿ.

ಸಂಪ್: ಪೂರಾ ತುಂಬಿಸಿ, ಒಳಬರುವ ವಾಲ್ವ್ ಬಂದ್ ಮಾಡಿ, ರಾತ್ರಿ ಮೋಟರ್ ಹಚ್ಚದೆ ಬಿಡಿ. ಬೆಳಿಗ್ಗೆ ಗುರುತಿಗಿಂತ ಕೆಳಗೆ ಹೋಗಿದ್ದರೆ ಸಂಪಿನ ಒಳಗಿನ ಗಿಲಾವು ಮೊದಲು ಸರಿಯಾಗಬೇಕು.

ಇನ್ನೊಂದು ಎಚ್ಚರಿಕೆ. ಸಂಪಿನ ಮೇಲಿನ ಮುಚ್ಚಿಗೆ ಸರಳು ಹಾಕಿದ ಸ್ಲ್ಯಾಬ್, ಅದು ನೆಲದ ಕಾಂಕ್ರೀಟ್ ಅಲ್ಲ. ಅದರ ಮೇಲೆ ಬ್ರೇಕರ್ ಇಟ್ಟರೆ ಕೆಲಸಗಾರ ಸೀದಾ ನೀರಿಗೆ ಬೀಳುತ್ತಾನೆ. ಸಂಪಿನ ಗೋಡೆಯ ಹೊರಗೆ 6 ಇಂಚು ಬಿಟ್ಟು ಕಟರ್‌ನಿಂದ ಗೆರೆ ಕೊಯ್ದು, ಅದರಾಚೆ ಮಾತ್ರ ಬ್ರೇಕರ್ ಹೊಡೆಯಿರಿ. ಉಳಿದ 6 ಇಂಚನ್ನು ಛನ್ನಿ, ಸುತ್ತಿಗೆಯಿಂದ ಬಿಡಿಸಬೇಕು.

ಕೆಂಪುಮಣ್ಣು_ಬೀದರ
ಇಷ್ಟೆಲ್ಲ ಬೇಕೇನ್ರಿ? ಬೀದರದಾಗ 4 ಇಂಚು ಅಗೆದು, ದಮ್ಮಸು ಹೊಡೆದು (ಬಡಿದು ಗಟ್ಟಿ ಮಾಡಿ) ಕಾಂಕ್ರೀಟ್ ಹಾಕಿಬಿಡ್ತಾರ, ಎಷ್ಟೋ ವರ್ಷ ಏನೂ ಆಗಂಗಿಲ್ಲ.

ಹಳೇ_ಸೈಟ್_ಇಂಜಿನಿಯರ್
ಬೀದರ ಊರು ಕೂತಿರೋದು ಕೆಂಪು ಕಲ್ಲಿನ ಮೇಲೆ. ಅದು ನೀರು ಕುಡಿದರೂ ಉಬ್ಬಲ್ಲ, ಒಣಗಿದರೂ ಸೀಳಲ್ಲ. ಅದೇ ಜಿಲ್ಲೆಯಲ್ಲಿ ಭಾಲ್ಕಿ, ಔರಾದ ಕಡೆಯ ಎರಿ ಹೊಲದ ಲೇಔಟಿಗೆ ಬನ್ನಿ, ಈ ಲೆಕ್ಕ ನಡೆಯೋದಿಲ್ಲ. ಎರಿ ಮಣ್ಣಿನ ಹಸಿ-ಒಣ ಆಟ ಸುಮಾರು 3.5 ಮೀಟರ್ ಆಳದವರೆಗೂ ಇರುತ್ತದೆ. ಅಂಥ ಮಣ್ಣಲ್ಲಿ ಕಟ್ಟಡದ ಭಾರ ಹೊರುವ, ನೆಲದೊಳಗಿನ ಕಾಂಕ್ರೀಟ್ ಕಂಬಗಳಾದ ಪೈಲ್‌ಗಳನ್ನು ಅಷ್ಟು ಆಳಕ್ಕೆ ಇಳಿಸೋದು ಅದಕ್ಕೇ. ನಾವು ಒಂದೂವರೆ ಅಡಿ ಅಗೆದರೆ ಉಬ್ಬು ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ಹಾಗಾಗಿ ಕೆಳಗೆ ಹೊಸ ನೀರು ಹೋಗದಂತೆ ನೋಡೋದೇ ಅರ್ಧಕ್ಕಿಂತ ಹೆಚ್ಚಿನ ಕೆಲಸ.

ಮಣ್ಣಿನ ಬಗ್ಗೆ ಅನುಮಾನ ಇದ್ದವರಿಗೆ ಮನೆಯಲ್ಲೇ ಆಗೋ ಪರೀಕ್ಷೆ: ಒಣಗಿಸಿ, ಕುಟ್ಟಿ, ಸಣ್ಣ ಜರಡಿ ಹಿಡಿದ ಮಣ್ಣು 10 ಗ್ರಾಂ ಒಂದು ಅಳತೆ ಗಾಜಿನಲ್ಲಿ, 10 ಗ್ರಾಂ ಇನ್ನೊಂದರಲ್ಲಿ. ಒಂದಕ್ಕೆ 100 ಮಿ.ಲೀ. ನೀರು, ಇನ್ನೊಂದಕ್ಕೆ ಅಷ್ಟೇ ಸೀಮೆಎಣ್ಣೆ. ಕಲಕಿ ಗಾಳಿ ಹೊರಹಾಕಿ 24 ತಾಸು ಬಿಡಿ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ಅದರಲ್ಲಿ 10 ಮಿ.ಲೀ. ಇದ್ದು ನೀರಿನಲ್ಲಿ 18 ಮಿ.ಲೀ. ಆಗಿದ್ದರೆ ಉಬ್ಬು ಶೇ. 80. ಶೇ. 50 ದಾಟಿದರೆ ಹುಷಾರು. ಇದೇ ಪರೀಕ್ಷೆಯನ್ನು ಲ್ಯಾಬಿನವರು ಭಾರತೀಯ ಮಾನಕ ಐಎಸ್ 2720ರ 40ನೇ ಭಾಗದ ಪ್ರಕಾರ ಮಾಡಿ ಕೊಡ್ತಾರೆ.

ಜೇವರ್ಗಿ_ರೋಡ್
ಅಗೆಯೋದು ಎಷ್ಟು ಆಳ? ಮುರುಮ್ (ಗರಸು ಮಣ್ಣು) ಹಾಕಬೇಕಾ, ಉಸುಕಾ? ಒಬ್ಬರು ದಗಡ ಸೋಲಿಂಗ್ (ತಳಕ್ಕ ದೊಡ್ಡ ಕಲ್ಲು ಜೋಡಿಸೋದು) ಹೇಳ್ತಾರ.

ತಾಪಿ_ಗುರಮಾಲಾ
ಬರೇ ಉಸುಕು ಬ್ಯಾಡ್ರಿ. ಎರಿ ಮಣ್ಣಿನಾಗ ಕುಣಿ ತೋಡಿ ಉಸುಕು ತುಂಬಿದ್ರ ಅದು ನೀರಿನ ತೊಟ್ಟಿ ಆಗ್ತದ. ಸುತ್ತಲಿನ ನೀರೆಲ್ಲ ಬಂದು ಅಲ್ಲೇ ಕೂಡ್ತದ, ಹೊರಗ ಹೋಗಲಿಕ್ಕಿ ದಾರಿ ಇರಂಗಿಲ್ಲ. ದಗಡದ ಸೋಲಿಂಗೂ ಹಂಗೇ: ಕಲ್ಲು-ಕಲ್ಲಿನ ನಡುವ ಸಂದಿ, ಸಂದ್ಯಾಗ ನೀರು, ಮಳಿಗಾಲದಾಗ ಕೆಳಗಿನ ಮಣ್ಣು ಮೆತ್ತಗಾಗಿ ಸಂದ್ಯಾಗ ಏರ್ತದ, ಕಲ್ಲು ಕೆಳಗ ಇಳೀತದ. ಮುರುಮೇ ಬೇಕು.

ಆಳದ ಲೆಕ್ಕ: ಹೊಸ ಕಾಂಕ್ರೀಟ್ 5 ಇಂಚು, ದಮ್ಮಸು ಹೊಡೆದ ಮುರುಮ್ 12 ಇಂಚು. ಒಟ್ಟು 17 ಇಂಚು. ಹಳೇದು 3 ಇಂಚು ಹೋದಮ್ಯಾಲೆ ಮಣ್ಣು 14 ಇಂಚು ತೆಗೀಬೇಕು. ಕಿತ್ತ ಕಾಂಕ್ರೀಟ್ ಮುಕ್ಕಾಲು ಬ್ರಾಸ್ (ಒಂದು ಬ್ರಾಸ್ ಅಂದ್ರ 100 ಘನ ಅಡಿ) ಮ್ಯಾಲೆ, ಮಣ್ಣು ಸಡಿಲಾದಮ್ಯಾಲೆ ಮೂರು ಬ್ರಾಸ್ ಮ್ಯಾಲೇ ಹೋಗ್ತದ. ಟ್ರ್ಯಾಕ್ಟರಿನವರ ಜೋಡಿ ಟ್ರಿಪ್ ಲೆಕ್ಕದಾಗ ಅಲ್ಲ, ಟ್ರಾಲಿ ಅಳೆದು ಮಾತಾಡ್ರಿ. ಒಡೆದ ತುಂಡು ಕುಣ್ಯಾಗೇ ಹಾಕಿ ಮುಚ್ಚಿಬಿಡೋಣ ಅಂತ ಕೆಲಸದವರು ಹೇಳೇ ಹೇಳ್ತಾರ. ಬ್ಯಾಡ ಅನ್ರಿ. ದೊಡ್ಡ ತುಂಡಿನ ಕೆಳಗ ದಮ್ಮಸು ಮುಟ್ಟಂಗಿಲ್ಲ.

ಶಹಾಪುರ_ಖಡಿ
ಮುರುಮ್ ಆರಿಸೋದರಲ್ಲೇ ಎಲ್ಲರೂ ತಪ್ಪೋದು. ಕೆಂಪಗಿದ್ದದ್ದೆಲ್ಲ ಮುರುಮ್ ಅಲ್ಲ. ಒಂದು ಮುಷ್ಟಿ ತಗೊಂಡು ಸ್ವಲ್ಪ ನೀರು ಹಾಕಿ ಹಿಸುಕಿ. ಉಂಡೆ ಕಟ್ಟಬೇಕು, ಆದರೆ ಕೈಗೆ ಜಿಗಟು ಹತ್ತಬಾರದು. ಉಂಡೆಯೇ ಕಟ್ಟದಿದ್ದರೆ ಬರೀ ಗರಸು, ನೀರು ಬಿಡುತ್ತದೆ. ಸೋಪಿನಂತೆ ಜಾರಿದರೆ ಅದರಲ್ಲಿ ಎರಿ ಕಲೆತಿದೆ, ವಾಪಸ್ ಕಳಿಸಿ. 3 ಇಂಚಿಗಿಂತ ದೊಡ್ಡ ಗಡ್ಡೆ ಆರಿಸಿ ತೆಗೀರಿ. 12 ಇಂಚು ಗಟ್ಟಿ ಬೇಕಾದರೆ 216 ಘನ ಅಡಿ, ಸಡಿಲು ಲೆಕ್ಕದಲ್ಲಿ ಸುಮಾರು 275, ಅಂದರೆ 2.75 ಬ್ರಾಸ್. ಮೂರು ಬ್ರಾಸ್ ತರಿಸಿ.

ಪೂರಾ ಒಮ್ಮೆಲೆ ಸುರಿದು ಮೇಲೆ ದಮ್ಮಸು ಹೊಡೆದರೆ ಮೇಲಿನ 4 ಇಂಚು ಮಾತ್ರ ಗಟ್ಟಿ, ಕೆಳಗೆ ಸಡಿಲು. ಪ್ಲೇಟ್ ಕಾಂಪ್ಯಾಕ್ಟರ್ ಬಾಡಿಗೆಗೆ ತಂದರೆ 5 ಇಂಚಿನ ಪದರು, ಕೈ ದಮ್ಮಸಾದರೆ 3-4 ಇಂಚು. ಪ್ರತಿ ಪದರಿಗೂ ನೀರು ಚಿಮುಕಿಸಿ, ಒಂದು ತಾಸು ಬಿಟ್ಟು, ಆಮೇಲೆ ಹೊಡೀರಿ. ಹೆಚ್ಚು ನೀರಾದರೆ ರಬ್ಬರಿನಂತೆ ತುಳುಕುತ್ತದೆ, ಆಗ ಎಷ್ಟು ಹೊಡೆದರೂ ಕೂಡುವುದಿಲ್ಲ, ಒಣಗಲು ಬಿಡಬೇಕು. 10 ಮಿ.ಮೀ. ಸರಳಿನ ತುದಿಯನ್ನು ಮೈ ಭಾರ ಹಾಕಿ ಒತ್ತಿ ನೋಡಿ: ಸಲೀಸಾಗಿ 2 ಇಂಚು ಇಳಿದರೆ ಇನ್ನೂ ಹೊಡೀಬೇಕು. ಗೋಡೆ ಬದಿ, ಸಂಪಿನ ಬದಿ, ಪೈಪಿನ ಮೇಲೆ ಮಷಿನ್ ಹೋಗದ ಕಡೆ ಕೈ ದಮ್ಮಸೇ.

ಹಳೇ_ಸೈಟ್_ಇಂಜಿನಿಯರ್
ಸೇರಿಸುವುದು ಎರಡು. ಕಾಂಪೌಂಡ್ ಗೋಡೆಯ ಪಾಯ ಆಳ ಇಲ್ಲದಿದ್ದರೆ ಅದರ ಬುಡದವರೆಗೆ ಒಮ್ಮೆಲೆ ಅಗೆಯಬೇಡಿ. ಅಲ್ಲಿ ಅರ್ಧ ಉದ್ದ ಅಗೆದು ತುಂಬಿ, ಆಮೇಲೆ ಇನ್ನರ್ಧ. ಕುಣಿ ತೆರೆದಿಟ್ಟು ಮಳೆಗೆ ಬಿಡಲೇಬೇಡಿ.

ಕಾಲವೂ ಮುಖ್ಯ. ಮೇ ತಿಂಗಳಲ್ಲಿ ಎರಿ ಮಣ್ಣು ಸೀಳಿ ನಿಂತಿರುತ್ತದೆ. ಆಗ ಹಾಕಿದ ನೆಲ ಜುಲೈನಲ್ಲಿ ಮೇಲೆ ಎತ್ತುತ್ತದೆ. ಸೆಪ್ಟೆಂಬರಿನಲ್ಲಿ ನೀರು ತುಂಬಿದ ಮಣ್ಣಿನ ಮೇಲೆ ಹಾಕಿದರೆ ಬೇಸಿಗೆಗೆ ಅಂಚಿನ ಕೆಳಗೆ ಪೊಳ್ಳಾಗುತ್ತದೆ. ನವೆಂಬರ್, ಡಿಸೆಂಬರ್ ನಮ್ಮ ಕಡೆ ಒಳ್ಳೇದು, ಬಿಸಿಲೂ ಕಡಿಮೆ. ಬೇಸಿಗೆಯಲ್ಲೇ ಮಾಡಬೇಕಾದರೆ ಅಗೆದ ತಳಕ್ಕೆ ಮೂರು ನಾಲ್ಕು ದಿನ ಸ್ವಲ್ಪ ಸ್ವಲ್ಪ ನೀರು ಕುಡಿಸಿ, ಬಿರುಕು ಮುಚ್ಚಿಕೊಂಡ ಮೇಲೆ ಒಂದು ದಿನ ಆರಲು ಬಿಟ್ಟು ಮುರುಮ್ ಹಾಕಿ. ಕೆಸರಾಗಬಾರದು.

ಜೇವರ್ಗಿ_ರೋಡ್
ಈಗ ಕಾಂಕ್ರೀಟಿಂದು ಹೇಳ್ರಿ. ಸರಳಿನ ಜಾಳಿಗಿ ಬೇಕಾ?

ತಾಪಿ_ಗುರಮಾಲಾ
ಬೇಕೇ ಬೇಕು. 8 ಮಿ.ಮೀ. ಸರಳು, 8 ಇಂಚಿಗೊಂದು, ಎರಡೂ ದಿಕ್ಕಿಗೆ. ಪೂರಾ ಉದ್ದ ಕಟ್ಟಿದ್ರ 12 ಮೀಟರಿನ 20 ಸರಳು, ಸುಮಾರು 95 ಕಿಲೋ. ಒಂದು ಸರಳು 4.74 ಕಿಲೋ ಬರಬೇಕು, ತೂಕ ನೋಡೇ ತಗೊಳ್ರಿ.

ಶಹಾಪುರ_ಖಡಿ
ಇಲ್ಲಿ ಒಪ್ಪಲ್ಲ. ಜಾಳಿಗೆ ನೆಲವನ್ನು ಬಿರುಕಿನಿಂದ ಕಾಪಾಡಲ್ಲ. ಬಿರುಕು ಬಿಟ್ಟ ಮೇಲೆ ಎರಡು ತುಂಡು ದೂರ ಸರಿಯದಂತೆ ಹಿಡಿಯುತ್ತದೆ, ಅಷ್ಟೇ. ಸೈಟಿನಲ್ಲಿ ಜಾಳಿಗೆ ನೆಲದ ಮೇಲೇ ಬಿದ್ದಿರುತ್ತದೆ. "ಹಾಕುವಾಗ ಎತ್ತುತ್ತೀವಿ" ಅಂತಾರೆ, ಎತ್ತಿದ್ದು ಮತ್ತೆ ಕಾಲ ಕೆಳಗೆ ಹೋಗುತ್ತದೆ. ತಳದಲ್ಲಿ ಮಲಗಿದ ಸರಳಿನಿಂದ ಮೇಲಿನ ಬಿರುಕಿಗೆ ಏನು ಉಪಯೋಗ? ಆ ದುಡ್ಡಿಗೆ ಮುರುಮ್ ಇನ್ನೂ 6 ಇಂಚು ಹೆಚ್ಚು ಹಾಕಿ.

ಹಳೇ_ಸೈಟ್_ಇಂಜಿನಿಯರ್
ಕೆಂಪು ಮಣ್ಣಾದರೆ ನಿಮ್ಮ ಮಾತಿಗೆ ಸಹಿ ಹಾಕುತ್ತಿದ್ದೆ. ಎರಿ ಮಣ್ಣಲ್ಲಿ ಸ್ವಲ್ಪವಾದರೂ ಉಬ್ಬು ಉಳಿಯುತ್ತದೆ, ಬಿರುಕಿನ ಎರಡೂ ಬಾಜು ಏರುಪೇರಾಗದಂತೆ ಹಿಡಿಯಲು ಸರಳು ಬೇಕು. ಆದರೆ ಜಾಗ ಸರಿ ಇರಬೇಕು: ಮೇಲ್ಮೈಯಿಂದ 2 ಇಂಚು ಕೆಳಗೆ, ಎರಡೂವರೆ ಅಡಿಗೊಂದು 3 ಇಂಚು ಎತ್ತರದ ಸಿಮೆಂಟ್ ಬಿಲ್ಲೆಯ ಮೇಲೆ. ಇಟ್ಟಿಗೆ ಚೂರಲ್ಲ, ಕಲ್ಲಿನ ಚೂರಲ್ಲ. ಜಾಯಿಂಟ್ (ಬಿರುಕು ಅಲ್ಲೇ ಬರಲಿ ಅಂತ ನಾವೇ ಕೊಯ್ಯುವ ಸಂದು) ಬರುವ ಗೆರೆಯಲ್ಲಿ ಒಂದು ಬಿಟ್ಟು ಒಂದು ಸರಳು ಕತ್ತರಿಸಿ. ಎಲ್ಲ ಸರಳೂ ದಾಟಿ ಹೋದರೆ ಜಾಯಿಂಟ್ ಕೆಲಸ ಮಾಡದೆ ಪಕ್ಕದಲ್ಲಿ ಬಿರುಕು ಬರುತ್ತದೆ.

ಸಾಮಾನಿನ ಲೆಕ್ಕ. 12 x 18 ಅಡಿ, 5 ಇಂಚು ದಪ್ಪ, 90 ಘನ ಅಡಿ. ಶೇ. 5 ನಷ್ಟ ಸೇರಿಸಿ 95, ಅಂದರೆ 2.7 ಘನ ಮೀಟರ್. ಎಂ20 ದರ್ಜೆಯ ಕಾಂಕ್ರೀಟಿಗೆ, ಅಂದರೆ ಸಿಮೆಂಟ್, ಉಸುಕು, ಖಡಿ (ಜಲ್ಲಿ) 1:1.5:3 ಹದಕ್ಕೆ, ಸಿಮೆಂಟ್ 22 ಚೀಲ, ಉಸುಕು 42 ಘನ ಅಡಿ, ಖಡಿ 82 ಘನ ಅಡಿ. ಖಡಿಯಲ್ಲಿ 20 ಮಿ.ಮೀ. 50, ಉಳಿದದ್ದು 12 ಮಿ.ಮೀ. ಕೆಳಗೆ 250 ಮೈಕ್ರಾನ್ ಪ್ಲಾಸ್ಟಿಕ್ ಹಾಳೆ, ಜೋಡಿಸುವಲ್ಲಿ ಒಂದು ಅಡಿ ಹೇರಿಕೆ, ಗೋಡೆ ಕಡೆ ಮೇಲಕ್ಕೆ ಮಡಚಿ. ಮುರುಮ್ ಕಾಂಕ್ರೀಟಿನ ನೀರನ್ನು ಹೀರಬಾರದು, ಮೇಲಿನ ನೀರು ಕೆಳಗೆ ಇಳಿಯಬಾರದು.

ಗೋಡೆ, ಕಂಬ, ಸಂಪಿನ ಸುತ್ತ 12 ಮಿ.ಮೀ. ಥರ್ಮೋಕೋಲ್ ಪಟ್ಟಿ ನಿಲ್ಲಿಸಿ, ಪೂರಾ 5 ಇಂಚು ಆಳಕ್ಕೆ. ನೆಲ ಗೋಡೆಗೆ ಅಂಟಿದರೆ ಉಬ್ಬುವಾಗ ಗೋಡೆ ಬದಿ ಏಳಲಾಗದೆ ನಟ್ಟನಡುವೆ ಒಡೆಯುತ್ತದೆ. ಹಳೇ ನೆಲ ನಡುವೆ ಸೀಳಲು ಇದೂ ಒಂದು ಕಾರಣ ಇರಬಹುದು, ಕೀಳುವಾಗ ನೋಡಿ.

ತಾಪಿ_ಗುರಮಾಲಾ
ಲೆವೆಲ್ ಪೈಪು ಹಿಡಿದು ಗೋಡಿ ಮ್ಯಾಲೆ ನೀಲಿ ದಾರ ಹೊಡೀರಿ. ಹಿಂದಿನಿಂದ ಗೇಟಿನ ಕಡೆ 18 ಅಡಿಗೆ 2.5 ಇಂಚು ಇಳಕಲು. 100 ಅಡಿಗೆ ಒಂದು ಅಡಿಗಿಂತ ಕಡಿಮೆ ಆದ್ರ ನೀರು ನಿಲ್ತದ. ಗೇಟಿನ ಪಟ್ರಿ ಒಳಬಾಜು 4 ಇಂಚಿನ ಸಣ್ಣ ಗಟಾರ, ಮ್ಯಾಲೆ ಜಾಳಿಗಿ. ಮಾಳಿಗಿ ನೀರಿನ ಪೈಪು ಮಾತ್ರ ಈ ಗಟಾರಕ್ಕೂ ಬ್ಯಾಡ, ಗೋಡಿ ಮ್ಯಾಲೆ ಹೊರಳಿಸಿ ಸೀದಾ ರೋಡಿನ ಚರಂಡಿಗೆ ಬಿಡ್ರಿ.

ಕಲಸೋದು ಮಷಿನ್‌ನಾಗೇ. ಒಂದು ಚೀಲಕ್ಕ 25 ಲೀಟರ್ ನೀರು. ಉಸುಕು ಹಸಿ ಇದ್ದರ ಇನ್ನೂ ಕಡಿಮಿ. ಗಾಡಿ ತಳ್ಳಲಿಕ್ಕಿ ಬರಲಿ ಅಂತ ಪೈಪು ಹಿಡಿದು ನೀರು ಬಿಡ್ತಾರ, ಅಲ್ಲೇ ನಿಲ್ಲಬೇಕು ನೀವು. ಆ ಹೆಚ್ಚಿನ ನೀರೇ ಮ್ಯಾಲೆ ಬಂದು ಪದರು ಪುಡಿ ಆಗೋದು. ಪಟ್ಟಿ ಎಳೆದ ಮ್ಯಾಲೆ ನೀರು ಮಿನುಗ್ತದ. ಆ ಮಿನುಗು ಹೋಗೋತನಕ ತಾಪಿ ಮುಟ್ಟಿಸಬಾರದು. ಒಣ ಸಿಮೆಂಟ್ ಉದುರಿಸಿ ನೈಸ್ ಮಾಡೋದು ಬಂದ್. ಗುರಮಾಲಾ (ಮೈ ತಿಕ್ಕೋ ಹಲಗಿ) ಹೊಡೆದು ಕಸಬರಿಗಿ ಗೆರಿ ಎಳೆದ್ರ ಟೈರ್ ಜಾರಂಗಿಲ್ಲ.

ಕೆಂಪುಮಣ್ಣು_ಬೀದರ
ಬೋರಿನ ನೀರು ಸವಳು ಇದ್ದರ?

ಹಳೇ_ಸೈಟ್_ಇಂಜಿನಿಯರ್
ಸರಳು ಹಾಕುವ ಕಾಂಕ್ರೀಟಿಗೆ ಕ್ಲೋರೈಡ್ ಲೀಟರಿಗೆ 500 ಮಿ.ಗ್ರಾಂ ಒಳಗೆ, ಸರಳಿಲ್ಲದ್ದಕ್ಕೆ 2000 ಒಳಗೆ ಇರಬೇಕೆಂದು ಐಎಸ್ 456 ಹೇಳುತ್ತದೆ. ನೀರು ಬಾಯಿಗೆ ಉಪ್ಪಾದರೆ ಕಲಸಲು ನಲ್ಲಿ ನೀರು ಬಳಸಿ. 22 ಚೀಲಕ್ಕೆ 550 ಲೀಟರ್, ದೊಡ್ಡ ಲೆಕ್ಕವಲ್ಲ.

ಜಾಯಿಂಟ್: ನಡುವೆ ಉದ್ದಕ್ಕೊಂದು, ಅಡ್ಡಕ್ಕೊಂದು, ನಾಲ್ಕು ತುಂಡು, ಪ್ರತಿಯೊಂದು 6 x 9 ಅಡಿ. ಆಳ ದಪ್ಪದ ನಾಲ್ಕನೇ ಒಂದು ಭಾಗ, ಅಂದರೆ ಸವಾ ಇಂಚು. ಗಾಜಿನ ಪಟ್ಟಿ ಹಾಕುವ ರೂಢಿ ಇದೆಯಲ್ಲ, ಅದು ಅರ್ಧ-ಮುಕ್ಕಾಲು ಇಂಚು ಆಳ, ನೋಡಲು ಚೆಂದ, ಬಿರುಕನ್ನು ತನ್ನ ಕಡೆ ಎಳೆಯಲು ಸಾಲದು. ಬೇಸಿಗೆಯಲ್ಲಿ ಹಾಕಿದ 5ರಿಂದ 8 ತಾಸಿನೊಳಗೆ ಕೊಯ್ಯಬೇಕು, ಚಳಿಗಾಲದಲ್ಲಿ ಇನ್ನಷ್ಟು ತಡ. ಕೊಯ್ದಾಗ ಖಡಿ ಕಿತ್ತು ಅಂಚು ಹರಿದರೆ ಇನ್ನೂ ಬೇಗ ಅಂತ ಅರ್ಥ, ಒಂದು ತಾಸು ಬಿಟ್ಟು ನೋಡಿ. "ನಾಳೆ ಬರ್ತೀನಿ" ಅಂದ ಕಟರ್‌ನವನಿಗಿಂತ ಮೊದಲು ಬಿರುಕು ಬಂದಿರುತ್ತದೆ. ಸವೆದ 4 ಇಂಚಿನ ಬ್ಲೇಡ್ ಸವಾ ಇಂಚು ಇಳಿಯಲ್ಲ, ಹೊಸದು ಹಾಕಿಸಿ.

ಶಹಾಪುರ_ಖಡಿ
ಬಿಸಿಲಿನ ಮಾತು ಬಿಟ್ಟಿದ್ದೀರಿ. 40 ಡಿಗ್ರಿ ದಾಟಿದ ದಿನ ಹಾಕೋದೇ ಬೇಡ. ಹಾಕಲೇಬೇಕಾದರೆ ಬೆಳಗಿನ 6ಕ್ಕೆ ಶುರು, 9ಕ್ಕೆ ಮುಗೀಬೇಕು. ಖಡಿ ಹಿಂದಿನ ಸಂಜೆ ನೆನೆಸಿ ಗೋಣಿ ತಟ್ಟು ಹೊದಿಸಿ ನೆರಳಲ್ಲಿಡಿ. ಬಿಸಿಲಿಗೆ ಕಾದ ಸಿಂಟೆಕ್ಸ್ ಟ್ಯಾಂಕಿನ ನೀರು ಬೇಡ, ಸಂಪಿನ ತಂಪು ನೀರು ಸಾಕು. ನಿಮ್ಮದು ಮೇಲೆ ಸ್ಲ್ಯಾಬ್ ಇರೋದರಿಂದ ನೆರಳಿದೆ, ಆದರೆ ಗೇಟಿನ ಕಡೆಯಿಂದ ಬಿಸಿಗಾಳಿ ನುಗ್ಗುತ್ತದೆ. ಅಲ್ಲಿ ತಾಡಪತ್ರಿ ಕಟ್ಟಿ. ಮೈ ಗಟ್ಟಿಯಾಗೋ ಮೊದಲೇ ಬೆರಳುದ್ದದ ವಾರೆ ಬಿರುಕು ಕಂಡರೆ ಅದು ಗಾಳಿಗೆ ಒಣಗಿದ್ದು. ತಕ್ಷಣ ಗುರಮಾಲಾದಿಂದ ತಿಕ್ಕಿ ಮುಚ್ಚಿ, ಪ್ಲಾಸ್ಟಿಕ್ ಹೊದಿಸಿ.

ತಾಪಿ_ಗುರಮಾಲಾ
ನೀರು ಹೊಡೆಯೋದು ಹೇಳ್ತೀನಿ. ಕಟ್ಟಿ ಕಟ್ಟಿ ನೀರು ನಿಲ್ಲಿಸ್ತಾರ, ಎರಿ ಮಣ್ಣಿನ ಮ್ಯಾಲೆ ಅದು ಬ್ಯಾಡ. ಅಂಚಿನ ಸಂದ್ಯಾಗಿಂದ ಕೆಳಗ ಇಳಿದು ಹೊಸ ನೆಲದ ಕೆಳಗಿನ ಮಣ್ಣು ನಾವೇ ಉಬ್ಬಿಸಿದಂಗ ಆಗ್ತದ. ತಟ್ಟು ನೆನೆಸಿ ಹಾಸ್ರಿ, ಮ್ಯಾಲೆ ಪ್ಲಾಸ್ಟಿಕ್, ಅಂಚಿಗೆ ಇಟ್ಟಂಗಿ ಇಡ್ರಿ. ದಿನಕ್ಕ ಎರಡು ಸಲ ಎತ್ತಿ ನೋಡಿ, ಒಣಗಿದ್ರ ಚಿಮುಕಿಸಿದ್ರ ಸಾಕು.

ಹಳೇ_ಸೈಟ್_ಇಂಜಿನಿಯರ್
ಸರಿ. ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟಿಗೆ ಹೀಗೆ 14 ದಿನ. ಚೀಲದ ಮೇಲಿನ ವಾರ, ತಿಂಗಳು ನೋಡಿ, 3 ತಿಂಗಳು ದಾಟಿದ್ದು ಬೇಡ. 24 ತಾಸಿಗೆ ಮೆಲ್ಲಗೆ ನಡೆಯಬಹುದು, ಕಾರು 14 ದಿನಕ್ಕೆ, ಲೋಡಿನ ಗಾಡಿ 28 ದಿನಕ್ಕೆ.

ಕೆಂಪುಮಣ್ಣು_ಬೀದರ
ಇಷ್ಟು ಕಾಂಕ್ರೀಟ್ ಬದಲಿಗೆ ಶಹಾಬಾದ್ ಪರಸಿ ಹಾಸಿದ್ರ ಆಗಂಗಿಲ್ಲೇನು? ನಿಮ್ಮ ಜಿಲ್ಲೇದಾಗೇ ಸಿಗ್ತದ.

ಶಹಾಪುರ_ಖಡಿ
ಖಂಡಿತ ಆಗುತ್ತದೆ, ಎರಿ ಮಣ್ಣಿಗೆ ಒಂದು ಲೆಕ್ಕದಲ್ಲಿ ಇದೇ ಜಾಣತನ. ಮುರುಮ್ 12 ಇಂಚು ಅದೇ ರೀತಿ, ಮೇಲೆ 2 ಇಂಚು ಕ್ರಷರ್ ಪುಡಿ, ಅದರ ಮೇಲೆ ಪಾಲಿಶ್ ಇಲ್ಲದ 2 ಇಂಚು ದಪ್ಪದ ಪರಸಿ. ಮನೆಯೊಳಗೆ ಹಾಸುವ ತೆಳು ಪರಸಿ ಚಕ್ರದ ಕೆಳಗೆ ಎರಡು ತುಂಡಾಗುತ್ತದೆ. ನೆಲ ಎದ್ದರೆ ನಾಲ್ಕು ಕಲ್ಲು ಎತ್ತಿ, ಪುಡಿ ಸರಿಮಾಡಿ ಮತ್ತೆ ಇಡಬಹುದು. ಕಾಂಕ್ರೀಟಿಗೆ ಆ ಅನುಕೂಲ ಇಲ್ಲ. ಆದರೆ ಸಂದಿಯಲ್ಲಿ ನೀರು ಇಳಿಯುತ್ತದೆ, ಅಲ್ಲೇ ಕಾರು ತೊಳೆಯುವವರಿಗೆ ಹೇಳಿದ್ದಲ್ಲ. ಸುಣ್ಣದ ಕಲ್ಲಾದ್ದರಿಂದ ಬ್ಯಾಟರಿ ಆಸಿಡ್, ಟಾಯ್ಲೆಟ್ ಆಸಿಡ್ ಬಿದ್ದರೆ ಮೈ ತಿನ್ನುತ್ತದೆ. ಪೇವರ್ ಬ್ಲಾಕ್ ಹಾಕೋದಾದರೆ 60 ಮಿ.ಮೀ. ಸಾಕು, ಅಂಚಿಗೆ ಕಟ್ಟೆ ಬೇಕೇ ಬೇಕು, ಇಲ್ಲದಿದ್ದರೆ ಸಾಲು ಸರಿಯುತ್ತದೆ.

ಜೇವರ್ಗಿ_ರೋಡ್
ನಮ್ಮಲ್ಲಿ ಕಾರು ಅಲ್ಲೇ ತೊಳೀತಾರ, ಕಾಂಕ್ರೀಟೇ ಮಾಡ್ತೀವಿ. ನಿನ್ನೆ ಪೈಪಿನ ಪರೀಕ್ಷೆ ಮಾಡಿದ್ದಾಯ್ತು: ಒಂದು ತಾಸಿಗೆ 3 ಇಂಚು ಇಳೀತು. ಸಂಪು ಇಳಿದಿಲ್ಲ. ಹೊಸ ಪೈಪು ಮುರುಮ್ ಹಾಕೋ ಮೊದಲೇ ಹಾಕಬೇಕಲ್ಲ?

ಹಳೇ_ಸೈಟ್_ಇಂಜಿನಿಯರ್
ಹೌದು. ಅಗೆದ ತಳದಲ್ಲಿ ಪೈಪಿಗೆ ಬೇರೆ ಕಾಲುವೆ, ಪೈಪಿನ ತಲೆ ಮುರುಮ್ ತಳಕ್ಕಿಂತ ಕೆಳಗಿರಲಿ. ಸುತ್ತ ಉಸುಕು ಬೇಡ, ಕಲ್ಲಿಲ್ಲದ ಸಣ್ಣ ಮುರುಮ್ ತುಂಬಿ ಕೈಯಿಂದ ಹೊಡೀರಿ. 110 ಮಿ.ಮೀ. ಪೈಪಿಗೆ 60 ಅಡಿಗೆ ಒಂದು ಅಡಿ ಇಳಕಲು ಕೊಟ್ಟರೆ 18 ಅಡಿಗೆ ಮೂರೂವರೆ ಇಂಚು ಬರುತ್ತದೆ. ಅಷ್ಟು ಇಳಕಲು ರೋಡಿನ ಚೇಂಬರಿನ ಮಟ್ಟಕ್ಕೆ ಸಿಗುತ್ತದೆಯಾ ಅಂತ ಅಗೆಯೋ ಮೊದಲು ಲೆವೆಲ್ ಪೈಪಿನಿಂದ ನೋಡಿ. ಹಾಕಿದ ಮೇಲೆ ಅದೇ ನೀರಿನ ಪರೀಕ್ಷೆ ಇನ್ನೊಮ್ಮೆ. ಅದು ಪಾಸಾಗುವವರೆಗೆ ಮುರುಮ್ ಗಾಡಿ ಕರೆಸಬೇಡಿ.

ತಾಪಿ_ಗುರಮಾಲಾ
ಗೇಟಿನ ಪಟ್ರಿ ಬುಡದಾಗೂ ಅಗೀತೀರಿ, ಪಟ್ರಿ ಕುಂದ್ರುತದ. ಗೇಟ್ ಮೊದಲೇ ಬಿಚ್ಚಿ ಬಾಜು ಇಡಿಸ್ರಿ. ಪಟ್ರಿ ಕೆಳಗ 9 ಇಂಚು ಅಗಲ, ಒಂದು ಅಡಿ ಆಳ ಬ್ಯಾರೇನೇ ಕಾಂಕ್ರೀಟ್ ಬೀಮ್ ಹಾಕಿಸಿ. ನೆಲದ ಜೋಡಿ ಸೇರಿಸಬ್ಯಾಡ್ರಿ, ನಡುವ ಥರ್ಮೋಕೋಲ್ ಪಟ್ಟಿ ಇರ್ಲಿ.